ಮೀನುಗಳ ಉಪವಾಸದ ದಿನ

ಸತ್ತವರು ಬಂದುಹೋದರು, ಯಾರೋ ಕರೆದಂತಾಯಿತು ಎಂಬ ಮಾತುಗಳನ್ನು ನಾನು ಎಂದೂ ನಂಬಿದವಳಲ್ಲ. ಮನೆಯಲ್ಲಿ ಯಾರಾದರೂ ಅಂಥ ಸುದ್ದಿ ತೆಗೆದರೆ ಚಹಾದ ನೆಪ ಹೇಳಿ ಅಡುಗೆಮನೆಗೆ ಎದ್ದು ಹೋಗುತ್ತಿದ್ದೆ. ಕೂತರೆ ನಗು ತಡೆಯಲಾಗುತ್ತಿರಲಿಲ್ಲ. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ನೀವು ಓದುತ್ತಾ ಓದುತ್ತಾ ಎದ್ದು ಹೋದರೂ ನನಗೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ಪುಣೆಯ ಒಂದು ಪ್ರಯೋಗಾಲಯದಲ್ಲಿ ಸಂಶೋಧನಾ ಸಹಾಯಕಿಯಾಗಿದ್ದೆ. ಮೀನು ಸಾಕುವ ತೊಟ್ಟಿಗಳಿಗೆ ಸೆನ್ಸರ್ ತಯಾರಿಸುವುದು ನಮ್ಮ ಕೆಲಸ. ನೀರಿಗೆ ಇಳಿಬಿಟ್ಟ ಎರಡು ಎಲೆಕ್ಟ್ರೋಡುಗಳಲ್ಲಿ ಒಂದು ಆಮ್ಲಜನಕವನ್ನೂ ಇನ್ನೊಂದು ಅಮೋನಿಯಾವನ್ನೂ ಅಳೆಯುತ್ತಿತ್ತು, ಲ್ಯಾಪ್‌ಟಾಪಿನಲ್ಲಿ ಎರಡು ಗೆರೆಗಳು ಮೂಡುತ್ತಿದ್ದವು. ಮೀನು ಉಂಡ ಕೂಡಲೇ ಆಮ್ಲಜನಕದ ಗೆರೆ ಇಳಿಯುತ್ತದೆ. ಸ್ವಲ್ಪ ಹೊತ್ತು ಕಳೆದು ಉಂಡದ್ದು ಅರಗಿದ ಮೇಲೆ ಅಮೋನಿಯಾದ್ದು ಏರುತ್ತದೆ. ಈ ಗೆರೆಗಳು ನನಗೆ ಎಷ್ಟು ರೂಢಿಯಾಗಿದ್ದವೆಂದರೆ, ಮೀನುಗಳಿಗೆ ಊಟ ಯಾವಾಗ ಆಯಿತೆಂದು ತೊಟ್ಟಿಯ ಕಡೆ ತಿರುಗದೆಯೇ ಹೇಳಿಬಿಡುತ್ತಿದ್ದೆ.

ನಾವು ಸೆನ್ಸರ್ ಪರೀಕ್ಷಿಸುತ್ತಿದ್ದ ತೊಟ್ಟಿಗಳು ಶೆಟ್ಟರವು. ಉಡುಪಿ ಕಡೆಯವರು. ವಿಮಾನ ನಗರದಲ್ಲಿ ಬಹಳ ಕಾಲ ಶುದ್ಧ ಸಸ್ಯಾಹಾರಿ ಹೋಟೆಲು ನಡೆಸಿ, ಅದನ್ನು ತಮ್ಮನಿಗೆ ಒಪ್ಪಿಸಿ, ಕೊಂಢವಾದಿಂದಾಚೆ ಒಂದು ತುಂಡು ಜಾಗದಲ್ಲಿ ತಿಲಾಪಿಯಾ ಸಾಕುತ್ತಿದ್ದರು. ಊರಿಗೆಲ್ಲ ಇಡ್ಲಿ ಬಡಿಸಿದ್ದು ಸಾಕು, ಇನ್ನು ನನ್ನ ಬಾಯಿಗೆ ಮೀನು ಎಂದು ನಗುತ್ತಿದ್ದರು. ಹಾಗೆ ಹೇಳಿದರೂ ಆ ತೊಟ್ಟಿಯ ಒಂದು ಮೀನನ್ನೂ ಅವರು ತಿಂದದ್ದನ್ನು ನಾನು ಕಾಣೆ. ಅವರಿಗೆ ಬರುತ್ತಿದ್ದದ್ದು ಉಣಿಸುವುದೊಂದೇ. ನಾನು ಸ್ಕೂಟರ್ ನಿಲ್ಲಿಸುವ ಮೊದಲೇ ಊಟ ಆಯಿತಾ ಎಂದು ಕೇಳುವರು, ಆಯಿತೆಂದರೂ ಬಿಡುವವರಲ್ಲ. ಗೇಟಿನ ಕಡೆಯ ಅಂಚಿನಲ್ಲಿ ನಿಂತು ಅವರು ಕೈ ಬೀಸಿ ಮೀನಿನ ಮೇವಿನ ಕಾಳು ಎರಚಿದರೆ ಮೀನುಗಳೆಲ್ಲ ಅಲ್ಲಿಗೆ ಮುತ್ತುತ್ತಿದ್ದವು.

ನಮ್ಮಿಬ್ಬರ ನಡುವೆ ಇದ್ದ ಒಂದೇ ತಕರಾರು ಉಪವಾಸದ್ದು. ಹೊಸ ಎಲೆಕ್ಟ್ರೋಡ್ ಇಳಿಸಿದಾಗಲೆಲ್ಲ ಒಂದು ಪೂರ್ತಿ ದಿನ ಮೀನುಗಳಿಗೆ ಏನೂ ಹಾಕುವ ಹಾಗಿಲ್ಲ. ಹಾಕಿದರೆ ಬರಿಯ ನೀರಿನ ಲೆಕ್ಕ ಸಿಗುವುದಿಲ್ಲ. ಒಂದು ದಿನ ಉಣ್ಣದಿದ್ದರೆ ಮೀನಿಗೆ ಏನೂ ಆಗುವುದಿಲ್ಲ ಎಂದು ಎಷ್ಟು ಹೇಳಿದರೂ ಅವರ ಮುಖ ಸಣ್ಣದಾಗುತ್ತಿತ್ತು. ಅಂಥ ದಿನ ತಮ್ಮ ಡಬ್ಬಿಯನ್ನೂ ತೊಟ್ಟಿಯ ಹತ್ತಿರ ಬಿಚ್ಚುತ್ತಿರಲಿಲ್ಲ, ರಸ್ತೆಯ ಆಚೆ ಹೋಗಿ ಉಣ್ಣುತ್ತಿದ್ದರು. ನನಗೆ ಇದು ಅತಿ ಅನ್ನಿಸುತ್ತಿತ್ತು.

ಅಂಥದೇ ಒಂದು ದಿನ ಶೆಟ್ಟರು ಆಸ್ಪತ್ರೆಯಲ್ಲಿದ್ದರು. ಸಂಜೆ ಹೊಟ್ಟೆಯ ಆಪರೇಷನ್. ಬೆಳಗ್ಗೆಯೇ ಫೋನ್ ಮಾಡಿದರು.

“ಎಂತ ಮಾರಾಯ್ತಿ, ಮೀನಿಗೆ ಊಟ ಹಾಕಿದಿಯಾ?”

“ಇವತ್ತ ಹಾಕಂಗಿಲ್ರೀ ಕಾಕಾ, ರೀಡಿಂಗ್ ತಗೋಬೇಕ್ರೀ. ನಾಳೆ ಮುಂಜಾನೆ ಹೊಟ್ಟಿ ತುಂಬ ಹಾಕ್ತೀನ್ರೀ.”

“ನಂಗೂ ಇವತ್ತು ಹನಿ ನೀರು ಕೊಡುದಿಲ್ಲ ಇವ್ರು. ನಂದು ಇರ್ಲಿ, ನಂಗೆ ಆಪರೇಷನ್ ಉಂಟು. ಅವಕ್ಕೆ ಎಂತಕ್ಕೆ? ಒಂದು ಹಿಡಿ ಹಾಕು.”

ಹೂಂ ಎನ್ನಬಹುದಿತ್ತು. ಹಾಕದಿದ್ದರೂ ಹಾಕಿದೆ ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ನಾನು ಬೇಸ್‌ಲೈನ್ ಎಂದರೇನು, ಬರಿಯ ನೀರಿನ ಲೆಕ್ಕ ಯಾಕೆ ಬೇಕು ಎಂದು ಇನ್ನೊಮ್ಮೆ ವಿವರಿಸಿದೆ. ಅವರು ಎಲ್ಲ ಕೇಳಿಸಿಕೊಂಡು, ಆಯ್ತು ಮಗಾ, ಎಂದು ಫೋನ್ ಇಟ್ಟರು.

ಮಧ್ಯಾಹ್ನ ತೊಟ್ಟಿಯ ಬಳಿ ಹಸಿರು ಪರದೆಯ ನೆರಳಲ್ಲಿ ಒಬ್ಬಳೇ ಕೂತಿದ್ದೆ. ಗೇಟಿಗೆ ಒಳಗಿನಿಂದ ಚಿಲಕ ಹಾಕಿತ್ತು. ಇದ್ದಕ್ಕಿದ್ದಂತೆ ನೀರು ಪಟಪಟ ಬಡಿದುಕೊಂಡ ಸದ್ದು. ಎದ್ದು ನೋಡಿದರೆ ಮೀನುಗಳೆಲ್ಲ ಶೆಟ್ಟರು ನಿಲ್ಲುವ ಅಂಚಿಗೆ ಮುತ್ತಿ, ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತಿದ್ದವು. ನೀರಿನ ಮೇಲೆ ಒಂದು ಕಾಳೂ ಇರಲಿಲ್ಲ. ಕಾಳಿನ ಡ್ರಮ್ಮಿನ ಮುಚ್ಚಳ ಬಿಗಿಯಾಗಿಯೇ ಇತ್ತು, ಮುಟ್ಟಿ ನೋಡಿದೆ. ಸ್ವಲ್ಪ ಹೊತ್ತಿಗೆ ಗದ್ದಲ ನಿಂತು ಮೀನುಗಳು ತಳಕ್ಕಿಳಿದವು. ಲ್ಯಾಪ್‌ಟಾಪಿನಲ್ಲಿ ಆಮ್ಲಜನಕ ಇಳಿದಿತ್ತು. ಬಿಸಿಲಿಗೆ ನೀರು ಕಾದು ಆಮ್ಲಜನಕ ಸಾಲದೆ ಮೇಲೆ ಬಂದಿರಬೇಕು ಎಂದುಕೊಂಡು ಗಾಳಿಯ ಪಂಪು ಜೋರು ಮಾಡಿದೆ. ಆಗ ಹೆದರಿಕೆ ಏನೂ ಆಗಲಿಲ್ಲ. ಸಂಜೆ ಹೊರಡುವಾಗ ನೋಡಿದರೆ ಅಮೋನಿಯಾದ ಗೆರೆ ಏರುತ್ತಿತ್ತು, ದಿನವೂ ಊಟದ ನಂತರ ಏರುವ ಹಾಗೆಯೇ. ಮತ್ತೊಮ್ಮೆ ಹೋಗಿ ಡ್ರಮ್ಮಿನ ಮುಚ್ಚಳ ಮುಟ್ಟಿ ನೋಡಿದೆ, ಬಿಗಿಯಾಗಿಯೇ ಇತ್ತು.

ಮರುದಿನ ಮುಂಜಾನೆ ಹೋಗಿ ಹೇಳಿದ ಹಾಗೆ ಕಾಳು ಹಾಕಿದೆ. ದಿನವಿಡೀ ಉಪವಾಸವಿದ್ದ ಮೀನುಗಳು ಕೈಗೇ ಬಾಯಿ ಹಾಕಬೇಕಿತ್ತು. ಒಂದೂ ಮೇಲೆ ಬರಲಿಲ್ಲ. ಮದುವೆಯೂಟ ಮುಗಿಸಿ ಬಂದವರ ಮುಂದೆ ತಟ್ಟೆ ಇಟ್ಟ ಹಾಗಾಯಿತು. ಕಾಳು ನೆನೆದು ಉಬ್ಬಿ ಸುಮ್ಮನೆ ತೇಲುತ್ತಿತ್ತು. ನಾನು ಅದನ್ನು ನೋಡುತ್ತಾ ನಿಂತಿರುವಾಗಲೇ ಶೆಟ್ಟರ ತಮ್ಮನ ಫೋನ್ ಬಂತು. ಆಪರೇಷನ್ ಆದರೂ ಅವರಿಗೆ ಎಚ್ಚರವಾಗಲಿಲ್ಲ, ರಾತ್ರಿಯೇ ಹೋಗಿಬಿಟ್ಟರಂತೆ.

ಪ್ರಯೋಗಾಲಯದ ನಮ್ಮ ಸರ್ ಗೆರೆಗಳನ್ನು ನೋಡಿ, ಹೊಸ ಎಲೆಕ್ಟ್ರೋಡ್ ನೀರಿಗೆ ಹೊಂದುವ ತನಕ ಹೀಗೆ ಅಡ್ಡಾದಿಡ್ಡಿ ತೋರಿಸುತ್ತದೆ, ಆ ದಿನವನ್ನು ಬಿಟ್ಟುಬಿಡು ಎಂದರು. ಮೀನು ಉಣ್ಣದ್ದಕ್ಕೂ ಕಾರಣ ಕೊಟ್ಟರು. ಆಮ್ಲಜನಕ ಇಳಿದರೆ ಹಸಿವೂ ಸಾಯುತ್ತದಂತೆ. ಅವರ ಮಾತು ಸರಿ. ಬೇರೆ ಯಾರಾದರೂ ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೂ ಸರ್ ಮುಂದೆ ಕೂತು ತಲೆಯಾಡಿಸುವಾಗ, ಎಲೆಕ್ಟ್ರೋಡ್ ಕೆಟ್ಟಿರದೇ ಇರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ದಿನಗಳು ಕಳೆದ ಮೇಲೆ ಶೆಟ್ಟರ ಹೆಂಡತಿಯನ್ನು ನೋಡಲು ಹೋದೆ. ಅವರು ಚಹಾ ತಂದಿಟ್ಟು ಎದುರಿಗೆ ಕೂತರು. ಆಮೇಲೆ ಅವರೇ ಹೇಳಿದರು.

“ಆಪರೇಷನಿಗೆ ಕರ್ಕೊಂಡು ಹೋಗುವ ಮೊದಲು ಇವ್ರಿಗೆ ಮಂಪರು. ಕೈ ಹೀಗೆ ಹೀಗೆ ಬೀಸ್ತಾ ಇದ್ರು. ಸೂಜಿ ಕಿತ್ತು ಬಂದ್ರೆ ಅಂತ ನಾನು ಗಟ್ಟಿ ಹಿಡ್ಕೊಂಡೆ. ಎಂತಕ್ಕೆ ಹಿಡ್ಕೊಂಡೆನೋ ಅಂತ ಈಗ ಅನ್ನಿಸ್ತದೆ.”

ಅದು ಎಷ್ಟು ಹೊತ್ತಿಗೆ ಎಂದು ಕೇಳಲು ಬಾಯಿ ತೆರೆದವಳು ಕೇಳಲಿಲ್ಲ. ಮೀನುಗಳು ಅಂಚಿಗೆ ಮುತ್ತಿದ ಹೊತ್ತಿಗೆ ಅದು ಹೊಂದಿದರೂ ತಾಳಲಾರೆ, ಹೊಂದದಿದ್ದರೂ ತಾಳಲಾರೆ ಅನ್ನಿಸಿತು. ಮುಂದೆ ಕೇಳುವ ಅವಕಾಶವೂ ಸಿಗಲಿಲ್ಲ. ಅವರು ಊರಿಗೆ ಹೋದರು, ತೊಟ್ಟಿಯ ಜಾಗದಲ್ಲಿ ಈಗ ಕಟ್ಟಡ ಏಳುತ್ತಿದೆ.

ಅಂದು ನಾನು ಹೊರಡುವಾಗ ಅವರು ಬಾಗಿಲ ತನಕ ಬಂದು ನನ್ನ ಕೈ ಹಿಡಿದುಕೊಂಡರು. “ಆ ದಿನ ಮೀನಿಗೆ ಊಟ ಹಾಕಿದ್ರಾ ಮಗಾ? ಇವ್ರು ಅದನ್ನೇ ಕೇಳ್ತಾ ಹೋದ್ರು.”

“ಉಂಡ್ವ್ರೀ ಕಾಕು,” ಎಂದೆ. “ಹೊಟ್ಟಿ ತುಂಬ ಉಂಡ್ವು.”

ಅವರು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಶೆಟ್ಟರಿಗೆ ಫೋನಿನಲ್ಲಿ ಹೇಳಬೇಕಿದ್ದ ಮಾತದು. ನಾನು ಹೇಳಿದ್ದು ಸುಳ್ಳೋ ನಿಜವೋ ನನಗೆ ಇವತ್ತಿಗೂ ಗೊತ್ತಿಲ್ಲ.