ಆರು ತಟ್ಟೆ ಹೊತ್ತ ಕುತ್ತಿಗೆ

ಬೊಕ್‌ಸಿಮ್ ಚಿಕ್ಕಮ್ಮ ಮೂರನೆಯ ಮಹಡಿಗೆ ಬರುವುದು ರಾತ್ರಿ ಹನ್ನೊಂದೂವರೆಗೆ. ಅಷ್ಟು ಹೊತ್ತಿಗೆ ಕೆಳಗೆ ಊರೂರಿನ ಬಸ್ಸುಗಳು ಬಂದು ನಿಂತಿರುತ್ತವೆ. ಸಗಟು ಬಟ್ಟೆ ಕೊಳ್ಳುವವರು ತಮ್ಮಷ್ಟೇ ಎತ್ತರದ ಗಂಟುಗಳನ್ನು ಎಳೆದುಕೊಂಡು ಅಂಗಡಿ ಸಾಲುಗಳ ನಡುವೆ ನುಗ್ಗುತ್ತಿರುತ್ತಾರೆ. ದೊಂಗ್‌ದೆಮುನ್‌ನ ಈ ಸಗಟು ಮಾರುಕಟ್ಟೆಯ ಕಟ್ಟಡದಲ್ಲಿ ಬಾಗಿಲು ತೆರೆಯುವುದೇ ಸಂಜೆ ಎಂಟಕ್ಕೆ. ಹಾಗಾಗಿ ಹನ್ನೊಂದೂವರೆ ಎಂದರೆ ನಮಗೆ ಮಧ್ಯಾಹ್ನದ ಊಟದ ಹೊತ್ತು. ಗಿರಾಕಿಗಳನ್ನು ಬಿಟ್ಟು ಎದ್ದು ಹೋಗುವಂತಿಲ್ಲವಾದ್ದರಿಂದ ಊಟವೇ ನಮ್ಮನ್ನು ಹುಡುಕಿಕೊಂಡು ಬರುತ್ತದೆ, ಚಿಕ್ಕಮ್ಮನ ತಲೆಯ ಮೇಲೆ.

ಆರು ಅಲ್ಯೂಮಿನಿಯಂ ತಟ್ಟೆಗಳು, ಒಂದರ ಮೇಲೊಂದು. ಒಂದೊಂದು ತಟ್ಟೆಯಲ್ಲೂ ಬಟ್ಟಲುಗಳಲ್ಲಿ ಅನ್ನ, ಸಾರು, ಕಿಮ್ಚಿ, ಹುರಿದ ಮೀನು. ಎಲ್ಲಕ್ಕಿಂತ ಮೇಲೆ ಹಳೆಯ ಪತ್ರಿಕೆಯ ಹೊದಿಕೆ, ಎಲ್ಲಕ್ಕಿಂತ ಕೆಳಗೆ ಬಟ್ಟೆಯ ಸಿಂಬೆ. ಕೈಗಳು ಬದಿಯಲ್ಲಿ ಖಾಲಿ ಜೋತಾಡುತ್ತಿರುತ್ತವೆ.

“ಬಿಸಿ ಬಿಸಿ ಸಾರು! ಕಾಲು ಒಳಗೆ!”

ಕೂಗು ಕೇಳಿದ ಕೂಡಲೇ ನಾವೆಲ್ಲ ಕಾಲು, ಸ್ಟೂಲು, ಬಟ್ಟೆಗಂಟುಗಳನ್ನು ಒಳಗೆಳೆದುಕೊಳ್ಳುತ್ತೇವೆ, ಏಕೆಂದರೆ ಚಿಕ್ಕಮ್ಮನಿಗೆ ತನ್ನ ಪಾದ ಕಾಣುವುದಿಲ್ಲ. ನನ್ನದು ಮಕ್ಕಳ ಬಟ್ಟೆಯ ಅಂಗಡಿ. ಒಂಬತ್ತು ತಿಂಗಳ ಮಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ರಜಾಯಿ ಹಾಸಿ ಮಲಗಿಸಿರುತ್ತಿದ್ದೆ. ಆ ಪೆಟ್ಟಿಗೆಯನ್ನು ದಿನಕ್ಕೆ ಹತ್ತು ಸಲ ಒಳಗೆ ತಳ್ಳುತ್ತಿದ್ದೆ, ತಳ್ಳಿದ ಮೇಲೂ ಇನ್ನೊಮ್ಮೆ ನೋಡುತ್ತಿದ್ದೆ. ಕುದಿಯುವ ಸಾರಿನ ಆರು ಬಟ್ಟಲು ಮಗುವಿನ ಮೇಲೆ ಹಾದುಹೋಗುತ್ತವೆಂದರೆ ಯಾರಿಗಾದರೂ ನೆಮ್ಮದಿ ಇದ್ದೀತೆ? ಆದರೆ ಇಪ್ಪತ್ತೆಂಟು ವರ್ಷಗಳಲ್ಲಿ ಚಿಕ್ಕಮ್ಮ ಒಂದು ತೊಟ್ಟನ್ನೂ ಚೆಲ್ಲಿಲ್ಲ ಎಂದು ಇಡೀ ಮಹಡಿ ಹೇಳುತ್ತದೆ. ನನ್ನ ಅಂಗಡಿಯ ಮುಂದೆ ನಿಂತು, ಕುತ್ತಿಗೆ ಕದಲಿಸದೆ ಮಂಡಿಯನ್ನು ಮಾತ್ರ ಬಗ್ಗಿಸಿ ಕೆಳಗಿಳಿಯುವಳು. ನಾನು ಮೇಲಿನ ತಟ್ಟೆ ಎತ್ತಿಕೊಳ್ಳುವೆ. ಮತ್ತೆ ನೆಟ್ಟಗೆ ಏಳುವಳು.

ನಮ್ಮಲ್ಲಿ ಹಿರಿಯರು ಎದುರಾದರೆ ತಲೆ ಬಗ್ಗಿಸದೆ ಹೋಗುವಂತಿಲ್ಲ. ಚಿಕ್ಕಮ್ಮನಿಗೆ ಮಾತ್ರ ಇದರಿಂದ ಬಿಡುಗಡೆ. ಎದುರಿನ ಕಾಲುಚೀಲದ ಅಂಗಡಿಯ ಮಾ ದಲ್ಸು ಅದನ್ನೇ ಎತ್ತಿ ಆಡುತ್ತಿದ್ದ.

“ದಾರಿ ಬಿಡ್ರಪ್ಪ, ಮಹಾರಾಣಿ ಬಂದ್ಲು! ನಿಂಗಿಂತ ನಾಲ್ಕು ವರ್ಷ ದೊಡ್ಡೋನು ಕಣೆ ನಾನು. ಒಂದ್ ದಿನಾನೂ ತಲೆ ಬಗ್ಗಿಸಿಲ್ಲ ನೀನು.”

“ಬಗ್ಗಿಸ್ತೀನಿ ತಗೊ. ಆಮೇಲೆ ಕಾಲುಚೀಲ ಎಲ್ಲಾ ಸೋಯಾ ಸಾರಲ್ಲಿ ಅದ್ದಿದ್ದೀಯ ಅಂತ ಬೈಬೇಡ.”

ಚಿಕ್ಕಮ್ಮ ಗಂಡನನ್ನು ಕಳೆದುಕೊಂಡಾಗ ಮಗಳು ಅರಿಮ್‌ಗೆ ಮೂರು ವರ್ಷ. ಹೊಲಿಗೆ ಕಾರ್ಖಾನೆಯಲ್ಲಿ ಮಗುವನ್ನು ಒಳಗೆ ಬಿಡುತ್ತಿರಲಿಲ್ಲ, ಈ ಕಟ್ಟಡದ ಹಿಂದಿನ ಓಣಿಯಲ್ಲಿ ಅಂಗಡಿಯವರಿಗೆ ಊಟ ಬೇಯಿಸುವ ಅಡುಗೆಮನೆಯಲ್ಲಿ ಬಿಡುತ್ತಿದ್ದರು. ಹಾಗಾಗಿ ತಟ್ಟೆ ಹೊರಲು ಸೇರಿದಳು. ಅಕ್ಕಿ ಮೂಟೆಗಳ ನಡುವೆ ಮಲಗಿ ಬೆಳೆದ ಅರಿಮ್ ಈಗ ಹಲ್ಲಿನ ಆಸ್ಪತ್ರೆಯೊಂದರಲ್ಲಿ ಕೆಲಸದಲ್ಲಿದ್ದಾಳೆ. ಕಳೆದ ವರ್ಷ ಈಜು ಕಲಿಸುವ ತೆಯುಲ್ ಎಂಬ ಹುಡುಗನನ್ನು ಮೆಚ್ಚಿಕೊಂಡಳು. ಹುಡುಗನ ತಂದೆ ಗುನ್ಸಾನ್ ಎಂಬ ಬಂದರು ಊರಿನಲ್ಲಿ ಹೆಡ್‌ಮಾಸ್ತರರಾಗಿದ್ದವರು. ಮನೆಯಲ್ಲಿ ಕೊನೆಯ ಮಾತು ಮಾತ್ರ ಎಂಬತ್ತಾರು ವರ್ಷದ ಅಜ್ಜಿಯದು. ಹಿಂದೊಮ್ಮೆ ಹಿರಿಯ ಮೊಮ್ಮಗ, ಅಂದರೆ ತೆಯುಲ್‌ನ ಅಣ್ಣ, ಒಬ್ಬಳನ್ನು ಕರೆತಂದಾಗ, ಆ ಹುಡುಗಿ ಕೈಯಲ್ಲಿ ಫೋನು ಹಿಡಿದೇ ನಮಸ್ಕರಿಸಿದಳೆಂದು ಅಜ್ಜಿ ಊಟಕ್ಕೂ ಕೂರದೆ ಎದ್ದುಹೋಗಿದ್ದಳಂತೆ. ಆ ಸಂಬಂಧ ಅಲ್ಲಿಗೇ ಮುಗಿಯಿತು.

ಎರಡೂ ಮನೆಯವರು ಕೂತು ಊಟ ಮಾಡುವ ದಿನ ಗೊತ್ತಾಯಿತು. ಅರಿಮ್ ತಾಯಿಗೆ ಮನೆಯಲ್ಲೇ ತಲೆ ಬಗ್ಗಿಸಿ ನಮಸ್ಕರಿಸುವ ಅಭ್ಯಾಸ ಮಾಡಿಸಲು ಹೊರಟಳು. ಅದನ್ನು ಚಿಕ್ಕಮ್ಮ ನನಗೆ ಆಡಿ ತೋರಿಸಿದ್ದಳು.

“ಕೆಳಗೆ ನೋಡಮ್ಮ.”

“ನೋಡ್ತಾನೇ ಇದೀನಲ್ಲೇ.”

“ಎಲ್ಲಿ? ನನ್ ಮುಖಾನೇ ನೋಡ್ತಿದೀಯ. ಜಗಳಕ್ಕೆ ಬಂದೋರ ಥರ.”

ಚಿಕ್ಕಮ್ಮ ಸೊಂಟ ಬಗ್ಗಿಸಿದ್ದಳು. ತಲೆ ಜೊತೆಗೆ ಬಂದಿರಲಿಲ್ಲ. ಹಿರಿಯರ ಮುಂದೆ ಹಾಗೆ ಬಾಗಿ ಅವರ ಕಣ್ಣಿಗೇ ಕಣ್ಣಿಟ್ಟು ನಿಲ್ಲುವುದಕ್ಕಿಂತ ಸುಮ್ಮನೆ ನಿಲ್ಲುವುದೇ ಮೇಲು. ಮೂಳೆ ಡಾಕ್ಟರು ತೆಗೆಸಿದ ಚಿತ್ರದಲ್ಲಿ ಕುತ್ತಿಗೆಯ ನಾಲ್ಕು ಮೂಳೆಗಳು ಒಂದಕ್ಕೊಂದು ಬೆಸೆದುಕೊಂಡಿದ್ದವು. ಈ ವಯಸ್ಸಿನಲ್ಲಿ ಇನ್ನು ಬಗ್ಗುವುದಿಲ್ಲ ಎಂದರು.

“ಇರೋದನ್ನ ಹೇಳ್ಬಿಡಿ ಚಿಕ್ಕಮ್ಮ. ಕುತ್ತಿಗೆ ಸರಿಯಿಲ್ಲ ಅಂತ,” ಎಂದೆ ನಾನು.

“ಯಾಕೆ ಸರಿಯಿಲ್ಲ ಅಂತ ಕೇಳ್ತಾರಲ್ಲ?”

“ತಟ್ಟೆ ಹೊತ್ತು ಅಂತ.”

“ಅಮ್ಮನದು ಹೋಟ್ಲಿದೆ ಅಂತ ಅವ್ರಿಗೆ ಹೇಳಿದಾಳೆ ಕಣೆ ಅರಿಮ್. ಹೋಟ್ಲು ಯಜಮಾನ್ತಿ ತಲೆ ಮೇಲೆ ತಟ್ಟೆ ಹೊರ್ತಾಳಾ?”

ಮಗಳು ಸುಳ್ಳಿ ಅನ್ನಿಸಿಕೊಳ್ಳಬಾರದು, ತಾಯಿ ಒರಟಿ ಅನ್ನಿಸಿಕೊಳ್ಳಬಾರದು. ಇದಕ್ಕೆ ಚಿಕ್ಕಮ್ಮನಿಗೆ ಕಂಡ ದಾರಿ ಒಂದೇ, ಕುತ್ತಿಗೆಯನ್ನು ಹೇಗಾದರೂ ಬಗ್ಗಿಸುವುದು. ಇದ್ದದ್ದು ಮೂರು ವಾರ.

ಆ ಮೂರು ವಾರ, ಖಾಲಿ ಬಟ್ಟಲುಗಳನ್ನು ಒಟ್ಟುಮಾಡಲು ರಾತ್ರಿ ಎರಡು ಗಂಟೆಗೆ ಬಂದಾಗ ನನ್ನ ಅಂಗಡಿಯಲ್ಲಿ ಹತ್ತು ನಿಮಿಷ ಕೂರುತ್ತಿದ್ದಳು. ನಾನು ಮಗುವಿನ ಹಾಲು ಬಿಸಿಮಾಡುವ ನೀರನ್ನೇ ರಬ್ಬರ್ ಚೀಲಕ್ಕೆ ತುಂಬಿ ಕುತ್ತಿಗೆಗೆ ಇಡುತ್ತಿದ್ದೆ. ಸುಟ್ಟೀತೆಂದು ನಾನು ಟವೆಲು ಸುತ್ತಿದರೆ ಅವಳು ಬಿಚ್ಚಿಹಾಕುತ್ತಿದ್ದಳು. ಎರಡೂ ಅಂಗೈಯನ್ನು ತಲೆಯ ಹಿಂದೆ ಹೆಣೆದು ಒತ್ತುತ್ತಿದ್ದಳು.

“ನಾನ್ ಹಿಡ್ಕೊಂಡು ಬಗ್ಗಿಸ್ಲಾ?” ಎನ್ನುತ್ತಿದ್ದ ಮಾ ದಲ್ಸು.

“ಕಟ್ಕೊಂಡೋನ ಕೈಲೇ ಆಗ್ಲಿಲ್ಲ, ನೀನ್ಯಾವನೋ?”

ಇಪ್ಪತ್ತೊಂದು ದಿನಕ್ಕೆ ಗದ್ದ ಒಂದು ಬೆರಳಿನಷ್ಟು ಕೆಳಗಿಳಿಯಿತು. ಅದೂ ಅನುಮಾನವೇ. ನಾನು ಅಳತೆಯ ಟೇಪು ಹಿಡಿದು ನೋಡಿ, ಇಳಿದಿದೆ ಎಂದೇ ಹೇಳಿದೆ.

ಊಟವಿದ್ದದ್ದು ಭಾನುವಾರ ಮಧ್ಯಾಹ್ನ. ಬೆಳಿಗ್ಗೆ ಅರಿಮ್ ತಾಯಿಗೆ ಹೊಸ ಕೋಟು ತೊಡಿಸಿ, ನೆತ್ತಿಯ ಮೇಲೆ ಕಪ್ಪು ಪುಡಿ ಉದುರಿಸಿದಳಂತೆ. ಸಿಂಬೆ ಕೂತೂ ಕೂತೂ ಅಲ್ಲಿ ಬಟ್ಟಲಗಲಕ್ಕೆ ಕೂದಲು ಉದುರಿಹೋಗಿತ್ತು.

ಮುಂದಿನದನ್ನು ಚಿಕ್ಕಮ್ಮ ಅದೇ ರಾತ್ರಿ, ಬಟ್ಟಲು ಒಟ್ಟುಮಾಡಲು ಬಂದಾಗ ಹೇಳಿದಳು. ನೆಲದ ಮೇಲೆ ಕೂತು ಉಣ್ಣುವ, ಚಪ್ಪಲಿ ಹೊರಗೆ ಬಿಡುವ ಹೋಟೆಲು. ಅಜ್ಜಿ ಗೋಡೆಗೊರಗಿ ಕೂತಿದ್ದಳು. ಚಿಕ್ಕಮ್ಮ ಸೊಂಟ ಬಗ್ಗಿಸಿದಳು, ಬಲವೆಲ್ಲ ಹಾಕಿ ತಲೆ ಬಗ್ಗಿಸಿದಳು. ಕಣ್ಣೆದುರಿಗೆ ನೆಲ ಬರಲೇ ಇಲ್ಲ, ಅಜ್ಜಿಯ ಮುಖವೇ ಇತ್ತು.

“ಏನ್ ನೋಡ್ತಿದೀಯ?” ಎಂದಳು ಅಜ್ಜಿ. “ನನ್ ಮುಖಕ್ಕೆ ಅನ್ನ ಮೆತ್ಕೊಂಡಿದ್ಯಾ?”

ಯಾರೂ ನಗಲಿಲ್ಲ. ಹೆಡ್‌ಮಾಸ್ತರರು ಹವೆಯ ಬಗ್ಗೆ ಮಾತು ತೆಗೆದರು. ಹನ್ನೆರಡು ಬಗೆಯ ಪಲ್ಯಗಳು ಬಂದವು. ಅಜ್ಜಿ ಮೂಲಂಗಿಯನ್ನಷ್ಟೇ ಮುಟ್ಟಿದಳು. ಹೋಟೆಲು ಹೇಗೆ ನಡೆಯುತ್ತಿದೆ ಎಂದು ಹುಡುಗನ ತಾಯಿ ಕೇಳಿದರೆ, “ನಡೀತಿದೆ” ಎಂದಷ್ಟೇ ಹೇಳಿ ಚಿಕ್ಕಮ್ಮ ಅನ್ನ ನುಂಗಿದಳು. ಅರಿಮ್ ತಟ್ಟೆಯಿಂದ ಕಣ್ಣೆತ್ತಲಿಲ್ಲ.

ಊಟ ಮುಗಿದು ಎಲ್ಲರೂ ಬಾಗಿಲಿಗೆ ಬಂದರು. ಅಜ್ಜಿ ಜಗಲಿಯ ಅಂಚಿನ ಮೇಲೆ ಕೂತು ಬೂಟಿಗೆ ಕಾಲು ತೂರಿಸಲು ಪರದಾಡುತ್ತಿದ್ದಳು. ಮೊಮ್ಮಗ ಕಾರು ತರಲು ಹೋಗಿದ್ದ. ಚಿಕ್ಕಮ್ಮನಿಗೆ ಅಭ್ಯಾಸವಾದ ಕೆಲಸ ಅದೊಂದೇ, ಮಂಡಿ ಬಗ್ಗಿಸುವುದು. ಕೆಳಗೆ ಮಂಡಿಯೂರಿ, ಕೈಯಲ್ಲೇ ತಡಕಿ, ಬೂಟಿನ ಹಿಮ್ಮಡಿ ಹಿಡಿದು ಕಾಲಿಗೆ ಏರಿಸಿದಳು. ಆಗ ಅವಳ ನೆತ್ತಿ ಅಜ್ಜಿಯ ಎದೆಮಟ್ಟಕ್ಕೆ ಬಂತು.

ಅಜ್ಜಿ ಎರಡನೆಯ ಬೂಟಿಗೆ ಕಾಲು ಕೊಡಲಿಲ್ಲ. ಅಂಗೈಯನ್ನು ಚಿಕ್ಕಮ್ಮನ ನೆತ್ತಿಯ ಮೇಲೆ ಇಟ್ಟಳು. ತೆಗೆದಾಗ ಅಂಗೈ ಕಪ್ಪಾಗಿತ್ತು.

“ಎಷ್ಟು?”

“ಏನಮ್ಮ?”

“ಒಂದ್ ಸಲಕ್ಕೆ ಎಷ್ಟು ಹೊರ್ತೀಯ?”

ಹಿಂದೆ ಅರಿಮ್ ನಿಂತಿರುವುದು ಚಿಕ್ಕಮ್ಮನಿಗೆ ಗೊತ್ತಿತ್ತು. ತಿರುಗಿ ನೋಡಲು ಕುತ್ತಿಗೆ ಬಿಡುವಂತಿರಲಿಲ್ಲ.

“ಆರು ತಟ್ಟೆ,” ಎಂದಳು. “ಮೊದಲು ಎಂಟು.”

“ನಂದು ಮೀನಿನ್ ಬುಟ್ಟಿ. ಬಂದರಿನಿಂದ ಗುಡ್ಡದ್ ಮೇಲಿನ್ ಮನೆಗಳವರೆಗೆ. ಮಂಜುಗಡ್ಡೆ ನೀರು ಬೆನ್ನಲ್ಲಿ ಇಳೀತಾನೇ ಇರೋದು.” ಅಜ್ಜಿ ಅಂಗೈಯನ್ನು ತನ್ನ ರೇಷ್ಮೆ ಲಂಗಕ್ಕೇ ಒರೆಸಿಕೊಂಡಳು. “ಆ ಮಸಿ ಬಳಿಯೋದು ಬಿಡು. ದಿಂಬೆಲ್ಲ ಹಾಳು.”

ಹೆಡ್‌ಮಾಸ್ತರರು ತಮ್ಮ ಜೇಬಿನಲ್ಲಿ ಏನನ್ನೋ ಹುಡುಕುತ್ತಿದ್ದರಂತೆ. ಅಜ್ಜಿ ಎರಡನೆಯ ಕಾಲು ಮುಂದೆ ಚಾಚಿದಳು.

“ಮನೆಗೆ ಬಂದು ಅರಿಮ್ ಅತ್ತಿದ್ದೂ ಅತ್ತಿದ್ದೇ,” ಎಂದಳು ಚಿಕ್ಕಮ್ಮ, ಬಟ್ಟಲು ಜೋಡಿಸುತ್ತ. “ಹೋಟ್ಲು ಅಂತ ಹೇಳಿದ್ದೆ, ಈಗ ನಾನು ಸುಳ್ಳಿ ಆಗ್ಬಿಟ್ಟೆ ಅಂತ.”

“ನೀವೇನಂದ್ರಿ?”

“ಹೋಟ್ಲೇ ಅಲ್ವೇನೆ ಅಂದೆ. ನಡೆಯೋ ಹೋಟ್ಲು.”

ಗುನ್ಸಾನ್‌ಗೆ ಹಿಂತಿರುಗುವ ದಾರಿಯಲ್ಲಿ ಅಜ್ಜಿ ಕಾರಿನಲ್ಲೇ ಮದುವೆ ಅಕ್ಟೋಬರ್‌ನಲ್ಲಿ ಎಂದು ಗೊತ್ತುಮಾಡಿದಳೆಂಬ ಸುದ್ದಿ ಮರುದಿನ ಬಂತು.

ಮದುವೆಗೆ ನಾನು ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಹೋಗಿದ್ದೆ. ಅವಳಿಗೆ ಶೀತವಾದೀತೆಂದು ಎರಡು ಟೋಪಿ ಹಾಕಿದ್ದೆ. ಚಿಕ್ಕಮ್ಮ ನೆತ್ತಿಗೆ ಏನನ್ನೂ ಬಳಿದಿರಲಿಲ್ಲ. ಎರಡೂ ಮನೆಯವರು ಎದುರುಬದುರು ನಿಂತು ಸೊಂಟದವರೆಗೆ ಬಾಗಿದರು. ಚಿಕ್ಕಮ್ಮನೂ ಬಾಗಲು ಹೊರಟಾಗ ಅಜ್ಜಿ ಸಭೆಗೆಲ್ಲ ಕೇಳುವಂತೆ, “ನೀನ್ ಬೇಡ, ನೆಟ್ಟಗ್ ನಿಂತ್ಕೊ” ಎಂದಳು. ಬಾಗಿದ ಬೆನ್ನುಗಳ ಸಾಲಿನ ನಡುವೆ ಅವರಿಬ್ಬರು ಮಾತ್ರ ಒಬ್ಬರನ್ನೊಬ್ಬರು ನೋಡುತ್ತ ನಿಂತಿದ್ದರು.

ಮರುರಾತ್ರಿ ಹನ್ನೊಂದೂವರೆಗೆ ಕೂಗು ಕೇಳಿತು. ನಾನು ಪೆಟ್ಟಿಗೆಯನ್ನು ಒಳಗೆ ತಳ್ಳಿದೆ. ಅದರ ಅಂಚು ಹಿಡಿದು ನಿಲ್ಲಲು ಕಲಿತ ಮಗಳನ್ನು ಎತ್ತಿಕೊಂಡೆ.

“ಬೀಗಿತ್ತಿ ಮಹಾರಾಣಿ! ಈಗಲಾದ್ರೂ ಒಂದ್ ನಮಸ್ಕಾರ?” ಎಂದ ಮಾ ದಲ್ಸು.

“ಕಾಲು ಒಳಗೆ!” ಎಂದಳು ಚಿಕ್ಕಮ್ಮ.

ನನ್ನ ಮುಂದೆ ನಿಂತು ಮಂಡಿ ಬಗ್ಗಿಸಿದಳು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ತಟ್ಟೆ ಎತ್ತುವ ಧೈರ್ಯ ನನಗೆ ಬರಲಿಲ್ಲ. ಮಾ ದಲ್ಸುವೇ ಬಂದು ಎತ್ತಿಕೊಟ್ಟ. ಪತ್ರಿಕೆ ಸರಿಸಿ ನೋಡಿದೆ. ಕಡಲಪಾಚಿಯ ಸಾರು ಬಟ್ಟಲಿನ ಅಂಚಿನವರೆಗೆ ತುಂಬಿತ್ತು, ಪತ್ರಿಕೆ ಒಣಗಿಯೇ ಇತ್ತು.