ತೂರುವ ಗಾಳಿ

ಆಷಾಢದ ಒಂದು ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಹಾರೋಹಳ್ಳಿಯ ಹೊಸ ಬಡಾವಣೆಯ ಬಯಲಿನಲ್ಲಿ ಇದ್ದವರು ನಾನು, ಅಕ್ಕನ ಗಂಡನಾದ ನನ್ನ ಭಾವ, ಅವರ ಮಗ, ಮತ್ತು ಬಲೂನಿನಂತೆ ಗಾಳಿ ತುಂಬಿದ ಅವನ ಆಟದ ಕೋಟೆಯೊಳಗೆ ಕುಣಿಯುತ್ತಿದ್ದ ಮಕ್ಕಳು. ನನ್ನ ಮೊಮ್ಮಗಳೂ ಅವರಲ್ಲಿದ್ದಳು.

ರಾಗಿ ತೂರಿ ತೂರಿ ಭಾವನ ಅಂಗೈ ಮೊರದಂತೆ ಅಗಲವಾಗಿತ್ತು. ಹೊಲ ಕಾರ್ಖಾನೆಗಳಿಗೆ ಹೋದ ಮೇಲೂ, ಹಿಡಿ ಮಣ್ಣು ಮೇಲಿಂದ ಬಿಟ್ಟು ಗಾಳಿ ನೋಡುವ ಅಭ್ಯಾಸ ಹೋಗಿರಲಿಲ್ಲ. ಹಾಸ್ಟೆಲ್ ವಾರ್ಡನ್ ಆಗಿದ್ದ ನಾನು, ಊರವರ ಬಾಯಲ್ಲಿ ಮೇಷ್ಟ್ರು, ಗಂಟೆ ನೋಡಿ ಬದುಕಿದವನು. ಅವರಿಗೆ ಗಾಳಿಯೇ ಗಂಟೆ.

ಫ್ಯಾಕ್ಟರಿ ಕೆಲಸ ಸಿಗದೆ, ಮಕ್ಕಳನ್ನು ಕುಣಿಸಿ ನಾಲ್ಕು ಕಾಸು ಗಳಿಸಲು ಮಗ ಈ ಕೋಟೆ ತಂದಿದ್ದ. ಅಂದೇ ಮೊದಲ ದಿನ. ಮೋಟಾರು ಗಾಳಿ ಊದುತ್ತಿತ್ತು. ಮೂಲೆಮೂಲೆಗೆ ಹಗ್ಗ, ಗೂಟ.

ಭಾವ ಮಣ್ಣು ಬಿಟ್ಟರು. ಅದು ಕೆಳಗೆ ಬೀಳದೆ ಪಕ್ಕಕ್ಕೆ ಹಾರಿತು.

"ಲೇ, ಇದು ತೂರೋ ಗಾಳಿ ಕಣ್ಲಾ. ಮಕ್ಕಳ್ನ ಇಳಿಸು."

"ಗಾಳಿ ಬಂದಾಗ ತೂರ್ಕೋ ಅಂತ ನೀನೇ ಹೇಳ್ತಿದ್ದೆ, ಅಪ್ಪಯ್ಯ," ಎಂದು ಮಗ ನಕ್ಕ.

"ಏನ ತೂರ್ತೀಯ? ಮಕ್ಕಳ್ನಾ?"

ಭಾವ ಬಗ್ಗಿ ಗೂಟ ಮುಟ್ಟಿದರು. ಲಾರಿಯಲ್ಲಿ ತಂದು ಸುರಿದ ಸಡಿಲ ಮಣ್ಣಿನಲ್ಲಿ ಅದು ಉದುರುವ ಹಲ್ಲಿನಂತೆ ಅಲ್ಲಾಡಿತು. "ಇದಕ್ಕೆ ಮೇಕೆ ಕಟ್ಟಿದ್ರೂ ನಿಲ್ಲಾಕಿಲ್ಲ!"

ಮಗ ಸಿಟ್ಟಿನಿಂದ ಮೋಟಾರು ನಿಲ್ಲಿಸಲು ಸ್ವಿಚ್ಚಿಗೆ ಕೈ ಹಾಕಿದ.

"ಮುಟ್ಟಬ್ಯಾಡ! ಗೋಡೆ ಮಕ್ಕಳ ಮ್ಯಾಲೆ ಕುಸಿದಾತು. ಮೊದ್ಲು ಮಕ್ಕಳು, ಆಮ್ಯಾಕೆ ಮೋಟ್ರು."

ನಾನು ಮಕ್ಕಳನ್ನು ಸಾಲು ಮಾಡಿ ಇಳಿಸಿದೆ. ಮೊಮ್ಮಗಳು ಅತ್ತಳು. ಆಮೇಲೆ ಮೋಟಾರು ನಿಲ್ಲಿಸಿದಾಗ ಕೋಟೆ ನೆಲಕ್ಕೊರಗಿತು. ಊಟದ ಹೊತ್ತಿಗೆ ಗಾಳಿಯೂ ನಿಂತಿತು.

"ಈಗ ಹೇಳು, ಏನಾಯ್ತು? ಏನೂ ಆಗ್ಲಿಲ್ವಲ್ಲ!"

"ಆಗ್ಲಿಲ್ಲ," ಎಂದರು ಭಾವ. ಅಷ್ಟೇ.

'ಅಪ್ಪನೇ ಹೆದರಿ ಇಳಿಸಿದ' ಎಂಬ ಮಾತು ಹಬ್ಬಿ, ಆ ಕೋಟೆಗೆ ಮತ್ತೆ ಯಾರೂ ಮಕ್ಕಳನ್ನು ಕಳಿಸಲಿಲ್ಲ. ಮಗ ಅದನ್ನು ಮಾರಿ ಚನ್ನಪಟ್ಟಣಕ್ಕೆ ಹೋದ. ಬಂದಾಗಲೆಲ್ಲ 'ಏನೂ ಆಗ್ಲಿಲ್ವಲ್ಲ' ಎಂಬ ಅದೇ ಮಾತು. ಭಾವ ತೀರಿಕೊಂಡ ದಿನ, ಚಟ್ಟಕ್ಕೆ ಹಗ್ಗ ಬಿಗಿಯುತ್ತಾ ನನ್ನನ್ನೂ ಕೇಳಿದ: "ಅವತ್ತು ಏನೂ ಆಗ್ಲಿಲ್ವಲ್ಲ, ಮಾವ?"

ಎದೆಯೆತ್ತರ ಬೆಳೆದ ಮೊಮ್ಮಗಳು ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳ ಕೈ ಹಿಡಿದುಕೊಂಡೆ.

ಕೋಟೆ ಇಳಿಸಿದ ಆ ಭಾನುವಾರ ಸಂಜೆ ಮಗ ಬೆನ್ನು ತಿರುಗಿಸಿ ಕೂತಿದ್ದ. ಭಾವ ಬರಿಗಾಲಿನಲ್ಲಿ ಕೋಟೆಯ ಮೇಲೆ ನಡೆದು ಉಳಿದ ಗಾಳಿ ಹೊರಹಾಕಿದರು. ಅವರೂ ನಾನೂ ಸೇರಿ ಅದನ್ನು ಸುತ್ತಿದೆವು. ನಾನು ಹೊರಟೆ, ಅವರು ಬರಲಿಲ್ಲ.

"ಒಸಿ ತಡೀರಿ, ಮೇಷ್ಟ್ರೇ. ಮಕ್ಕಳು ಎಡವ್ತವೆ."

ಗೂಟ ಕಿತ್ತ ಗುಳಿಗಳಿಗೆಲ್ಲ ಬೊಗಸೆಯಲ್ಲಿ ಮಣ್ಣು ತುಂಬಿ, ಕೊನೆಯದನ್ನೂ ಹಿಮ್ಮಡಿಯಿಂದ ತುಳಿದು ಗಟ್ಟಿ ಮಾಡಿದರು.