ಹೊಸ ಗೋಧಿಗೆ ಕಚ್ಚು ಹೊಡೆದ ಕಲ್ಲು

ಟಕ್, ಟಕ್, ಟಕ್. ಅಡುಗೆಮನೆಯ ಕಿಟಕಿಯಲ್ಲಿ ಇನ್ನೂ ಮಸುಕು ಬೆಳಕು. ಬೀಸುಕಲ್ಲಿನ ಮೇಲಿನ ಹೋಳನ್ನು ಗೋಣಿಯ ಮೇಲೆ ಬೋರಲು ಹಾಕಿಕೊಂಡು ಅತ್ತಿಗೆ ಉಳಿ, ಸುತ್ತಿಗೆ ಹಿಡಿದು ಕೂತಿದ್ದಾರೆ. ಬೀಸಿ ಬೀಸಿ ಕಲ್ಲಿನ ಮುಖ ನುಣುಪಾದರೆ ಕಾಳು ಒಡೆಯದೆ ಜಾರಿಬಿಡುತ್ತದೆ; ಆಗ ಹೀಗೆ ಕಚ್ಚು ಹೊಡೆಯಬೇಕು. ಸಿಡಿದ ಚೂರು ಕಣ್ಣಿಗೆ ಬೀಳದಿರಲಿ ಎಂದು ಗಂಡನ ಹಳೆಯ ಕನ್ನಡಕ. ಮನೆಯವರಿಗಷ್ಟೇ ಅಲ್ಲ, ಓಣಿಗೆಲ್ಲ ಅವರು ಅತ್ತಿಗೆಯೇ.

"ಅತ್ತಿಗೇ, ಕೋಳಿಗಾದ್ರೂ ಕೂಗೋಕೆ ಬಿಡಿ!" ಒಳಕೋಣೆಯಿಂದ ಲಾರಿ ಓಡಿಸುವ ಮೈದುನನ ಗೋಳು.

"ಎದ್ದು ಹಲ್ಲುಜ್ಜಪ್ಪ. ಇವತ್ತು ಹಲ್ಲಿಗೆ ಕೆಲಸ ಇದೆ!"

ಅತ್ತಿಗೆಯ ದನಿಯಲ್ಲಿ ಇಂದು ಮಕ್ಕಳ ಉತ್ಸಾಹ. ಹೊಸ ಗೋಧಿ ಬಂದಿದೆ. ಜೊತೆಗೊಂದು ಪಂದ್ಯವೂ ಇದೆ. ವರಾಂಡದಲ್ಲಿ ಬಟ್ಟೆ ಒಗೆಯುವ ಮಿಷನ್ ಡಬ್ಬದಿಂದ ಹೊರಗೇ ಬಾರದೆ ಕೂತಿದೆ. ಅದಕ್ಕೆ ನಲ್ಲಿಯ ಪಕ್ಕದ ಮೂಲೆ ಬೇಕು. ಆ ಮೂಲೆಯಲ್ಲಿ ಬೀಸುಕಲ್ಲಿದೆ. ಮಿಷನ್ ಮೈದುನನ ಹೆಂಡತಿ, ಅಂದರೆ ಅತ್ತಿಗೆಯ ವಾರಗಿತ್ತಿ, ಹೊಲಿದು ದುಡಿದು ತಂದದ್ದು. ಬೇಡ ಅನ್ನಲು ಅತ್ತಿಗೆಗೆ ಬಾಯಿ ಬರುವುದಿಲ್ಲ. ಕೊನೆಗೆ ಹೀಗೆ ಮಾತಾಗಿದೆ: ಬೇಕರಿಯ ಬಿಳಿ ಬ್ರೆಡ್ಡಿಗೆ ಅಂಟಿಕೊಂಡ ಮೈದುನ ಇಂದು ಮಧ್ಯಾಹ್ನ ಈ ಕಲ್ಲಲ್ಲಿ ಬೀಸಿದ ಹಿಟ್ಟಿನ ರೊಟ್ಟಿ ತಿಂದು, ಇನ್ನೊಂದು ಬೇಕು ಅಂದರೆ ಕಲ್ಲು ಒಳಗೆ. ಇಲ್ಲವಾದರೆ ಹಿತ್ತಲಿಗೆ. ಹಿತ್ತಲಿಗೆ ಹೋದ ಕಲ್ಲಿಗೆ ಪಾಚಿಯೇ ಗತಿ ಎಂಬುದು ವಾರಗಿತ್ತಿಯರಿಬ್ಬರಿಗೂ ಗೊತ್ತು.

ಮದುವೆಯಾಗಿ ಬಂದಾಗ ಅತ್ತಿಗೆಗೆ ಬೀಸುಕಲ್ಲಿನ ಗೂಟ ಹಿಡಿಯಲೂ ಬರುತ್ತಿರಲಿಲ್ಲ. ತೀರಿಹೋದ ಅತ್ತೆ ಪಕ್ಕದಲ್ಲಿ ಕೂತು ಬೈದು ಬೈದು ಕಲಿಸಿದ್ದು. ಗಂಡ ಕಟ್ಟಡದಿಂದ ಬಿದ್ದು ಹಾಸಿಗೆ ಹಿಡಿದ ವರ್ಷ ಅತ್ತಿಗೆಗೆ ಹಗಲೆಲ್ಲ ಇಸ್ತ್ರಿ ಅಂಗಡಿಯ ಕೆಲಸ, ಸಂಜೆ ಕಲ್ಲು. "ಒಂದು ವಾರ ಪೊಟ್ಟಣದ ಹಿಟ್ಟೂ ತಂದೆ," ಅನ್ನುತ್ತಾರೆ. "ಮನೆಗೆ ಹಿಟ್ಟು ಬಂತು, ಘಮ ಬರಲಿಲ್ಲ." ಈಗ ಎಂಟು ಹೊಟ್ಟೆಗಳಿಗೆ ದಿನಕ್ಕೆ ಎರಡು ಕಿಲೋ ಕಾಳು. ಜರಡಿ ಗೋಡೆಯ ಮೊಳೆಯಲ್ಲಿ ಸುಮ್ಮನೆ ನೇತಾಡುತ್ತದೆ. ಹೊಟ್ಟು ಹಿಟ್ಟಿನಲ್ಲೇ ಉಳಿಯುತ್ತದೆ. ಬೇಳೆ ಸಿಪ್ಪೆಯ ಸಮೇತ ಬೇಯುತ್ತದೆ, ಬೆಣ್ಣೆ ಮನೆಯಲ್ಲೇ ಕಡೆದದ್ದು, ಸೊಪ್ಪು ಹಿತ್ತಲಿನದು.

ಕಲ್ಲು ಕೂಡಿಸಿ ಬೀಸಿದ್ದಾಯಿತು, ಹಿಟ್ಟು ಕಲಸಿದ್ದಾಯಿತು. ಅತ್ತಿಗೆ ಅಂಗೈಯಗಲದ ಒಂದು ರೊಟ್ಟಿ ಸುಟ್ಟು ಬಾಯಿಗಿಡುತ್ತಾರೆ. ಕರಕ್. ಮುಖ ಬಿಳಿಚಿಕೊಳ್ಳುತ್ತದೆ.

"ಏನಾಯ್ತಕ್ಕಾ?" ಸೊಪ್ಪು ಹೆಚ್ಚುತ್ತಿದ್ದ ವಾರಗಿತ್ತಿ ತಲೆ ಎತ್ತುತ್ತಾಳೆ.

"ಕಚ್ಚು ಹೊಡೆದ ಮೇಲೆ ಹಳೇ ಕಾಳು ಎರಡು ಸಲ ಬೀಸಿ ಚೆಲ್ಲಬೇಕು ಕಣೇ, ಕಲ್ಲಿನ ಪುಡಿ ಎಲ್ಲಾ ಹೋಗಬೇಕು. ಹೊಸ ಗೋಧಿ ಕಂಡ ಆತುರ, ಒಂದೇ ಸಲಕ್ಕೆ ಬಿಟ್ಟೆ."

"ಅಷ್ಟು ಸಣ್ಣದು ಯಾರಿಗೆ ಗೊತ್ತಾಗುತ್ತೆ?"

"ಹಲ್ಲಿಗೆ ಗೊತ್ತಾಗುತ್ತೆ."

ಕಲಸಿದ ಅಷ್ಟೂ ಹಿಟ್ಟನ್ನು ಅತ್ತಿಗೆ ಹಿತ್ತಲಿನ ಕೋಳಿಗಳಿಗೆ ಹಾಕುತ್ತಾರೆ. "ತಿನ್ನಿ, ನಿಮಗಾದ್ರೆ ಹೊಟ್ಟೆಗೆ ಕಲ್ಲು ಬೇಕೇ ಬೇಕು." ನಗುವ ದನಿ ಅರ್ಧದಲ್ಲೇ ಒಡೆಯುತ್ತದೆ. ಊಟದ ಹೊತ್ತಿಗೆ ಒಬ್ಬರೇ ಮತ್ತೆ ಬೀಸಿ ಮುಗಿಸುವ ಮಾತೇ ಇಲ್ಲ.

ತಿರುಗಿ ಬಂದರೆ ವಾರಗಿತ್ತಿ ಕಲ್ಲಿನ ಮುಂದೆ ಕಾಲು ಚಾಚಿ ಕೂತಿದ್ದಾಳೆ. "ಹಳೇ ಕಾಳು ತನ್ನಿ ಅಕ್ಕ. ಇಬ್ಬರೂ ಗೂಟ ಹಿಡಿಯೋಣ."

"ಸುಮ್ನಿದ್ರೆ ಮೂಲೆ ನಿಂದಾಗುತ್ತಲ್ಲೇ!"

"ಹೀಗೆ ಗೆದ್ದ ಮೂಲೇಲಿ ಒಗೆದ್ರೆ ಬಟ್ಟೆ ಕೊಳೆ ಬಿಡಲ್ಲ."

ಕಲ್ಲು ಗುಡುಗುಡು ಹೊರಳುತ್ತದೆ. ಹಳೆಯ ಕಾಳು ಮತ್ತೆ ಎರಡು ಸಲ, ಆಮೇಲೆ ಗೋಧಿ. ಕಂದು ಹಿಟ್ಟು ಸುತ್ತಲೂ ಸುರಿಯತೊಡಗಿದಂತೆ ಮನೆಯೆಲ್ಲ ಬೆಚ್ಚನೆಯ ಘಮ. ವಾರಗಿತ್ತಿಯ ಹುಬ್ಬಿನ ಮೇಲೂ ಹಿಟ್ಟು. "ಮುದುಕಿ ಆದೆ ನೋಡು," ಎಂದು ಅತ್ತಿಗೆ ನಕ್ಕರೆ, "ನಿಮ್ಮ ಪಕ್ಕ ಕೂತ್ರೆ ಇನ್ನೇನಾಗುತ್ತೆ?" ಎಂದು ಅವಳು ತಿರುಗಿಸಿ ಕೊಡುತ್ತಾಳೆ.

ಊಟ ತಡವಾಗುತ್ತದೆ. ಮೈದುನ ಮುಖ ಸಿಂಡರಿಸಿಕೊಂಡೇ ಒಂದು ತುಂಡು ಮುರಿಯುತ್ತಾನೆ. ಬೆಣ್ಣೆ ಕರಗಿ ಬೆರಳಿಗಿಳಿಯುತ್ತದೆ. ಅಗಿಯುತ್ತಾನೆ; ಇನ್ನೂ ಅಗಿಯುತ್ತಾನೆ. ತಟ್ಟೆ ಖಾಲಿ. ಅವನು ಅತ್ತಿತ್ತ ನೋಡಿ, ಹೆಂಡತಿಯ ತಟ್ಟೆಗೇ ಕೈ ಹಾಕುತ್ತಾನೆ.

"ಬಾಯಿ ಬಿಟ್ಟು ಕೇಳ್ರೀ!" ಅವಳು ಕೈಗೊಂದು ಏಟು ಹಾಕುತ್ತಾಳೆ.

"ಅತ್ತಿಗೆ… ಇನ್ನೊಂದು."

ಮಕ್ಕಳು ಹೋ ಎಂದು ಕೂಗುತ್ತಾರೆ. ಅತ್ತಿಗೆಯ ಗಂಡ ತಲೆ ತಗ್ಗಿಸಿ ನಗುತ್ತಾರೆ. ಅದೇ ಗದ್ದಲದಲ್ಲಿ ವಾರಗಿತ್ತಿ ಗಂಡನಿಗೆ ಅಪ್ಪಣೆ ಕೊಡುತ್ತಾಳೆ: "ನಾಳೆ ಪೈಪನ್ನ ವರಾಂಡಕ್ಕೆ ಎಳೆಸಿ. ಮಿಷನ್ ಅಲ್ಲೇ ಇರ್ಲಿ."

ಕಲ್ಲು ಉಳಿಯಿತು. ಇನ್ನೇನು ಬೇಕು ಎಂದರೆ ಅತ್ತಿಗೆ ವಾರಗಿತ್ತಿಯತ್ತ ಕೈ ತೋರಿಸುತ್ತಾರೆ.

"ಮುಂದಿನ ಸಲ ಕಲ್ಲು ನುಣುಪಾದಾಗ ಉಳಿ ಇವಳ ಕೈಲಿರಬೇಕು. ನಾನು ಪಕ್ಕದಲ್ಲಿ ಕೂತು ಬೈತಾ ಇರಬೇಕು. ಅಷ್ಟೇ ಆಸೆ."